ಅಂಚೆ ಕಚೇರಿಯ ಗೋಡೆಯ ಹೆಂಗಸು

ಕೋವಿಡ್ ಶುರುವಾದ ಮರುವರ್ಷ, ಸ್ಯಾನ್ ಡಿಯೇಗೊ ಮತ್ತು ಲಾಸ್ ಏಂಜಲಿಸ್ ಸುತ್ತಿನ ಹಳೆಯ ಅಂಚೆ ಕಚೇರಿಗಳಿಗೆ ಹೋಗಿ, ಅಲ್ಲಿನ ಭಿತ್ತಿಚಿತ್ರಗಳನ್ನು ಪರೀಕ್ಷಿಸಿ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಚಿತ್ರ ಸಂರಕ್ಷಕಿ. ಹೀಗೆಂದರೆ ಸ್ಯಾನ್ ಡಿಯೇಗೊದ ಮೀರಾ ಮೆಸಾ ಬಡಾವಣೆಯ ನಮ್ಮ ಬಳಗದಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ‘ಓ, ಪೇಂಟಿಂಗ್ ಕ್ಲಾಸ್ ತಗೋತೀರಾ? ನಮ್ಮ ಮಗಳನ್ನೂ ಕಳಿಸ್ತೀವಿ’ ಎನ್ನುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನೆ ನಗುತ್ತೇನೆ. ನಾನು ಚಿತ್ರ ಬರೆಯುವವಳಲ್ಲ, ಬೇರೆಯವರು ಬರೆದದ್ದು ಉದುರಿ ಹೋಗದಂತೆ ನೋಡಿಕೊಳ್ಳುವವಳು. ಆದರೆ ಈಗ ಹೇಳಹೊರಟಿರುವುದು ನಾನೇ ಕೈಯಾರೆ ಒಂದು ಮುಖವನ್ನು ಕೆಡಿಸಿದ ಕಥೆ.

ಕಳೆದ ಶತಮಾನದಲ್ಲಿ ಈ ದೇಶದಲ್ಲಿ ಜನಕ್ಕೆ ಕೆಲಸವಿಲ್ಲದ ಒಂದು ಕಾಲ ಬಂದಿತ್ತು. ಆಗ ಸರ್ಕಾರ ಚಿತ್ರಕಾರರಿಗೂ ಕೆಲಸ ಕೊಟ್ಟು ಊರೂರಿನ ಅಂಚೆ ಕಚೇರಿಗಳಲ್ಲಿ ಚಿತ್ರ ಬರೆಸಿತು. ಹೆಚ್ಚಿನವರು ತಮ್ಮ ಕೋಣೆಯಲ್ಲೇ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದು, ಆಮೇಲೆ ತಂದು ಸೀಸದಿಂದ ಮಾಡಿದ ಬಿಳಿ ಬಣ್ಣವನ್ನು ಅಂಟಿನಂತೆ ಬಳಸಿ ಗೋಡೆಗೆ ಅಂಟಿಸಿದರು. ಅಂಥ ಚಿತ್ರ ಪರೀಕ್ಷಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಕ್ಯಾನ್ವಾಸು ಗೋಡೆ ಬಿಟ್ಟಿದ್ದರೆ ಅಲ್ಲಿ ಪೊಳ್ಳು ಸದ್ದು ಬರುತ್ತದೆ. ಆಮೇಲೆ ಪಕ್ಕದಿಂದ ಓರೆಯಾಗಿ ದೀಪ ಹಿಡಿದರೆ ಎದ್ದ ಬಣ್ಣ, ಬಿರುಕು, ಉಬ್ಬು ಎಲ್ಲ ನೆರಳು ಚೆಲ್ಲಿ ತಾವಾಗಿ ಕಾಣಿಸಿಕೊಳ್ಳುತ್ತವೆ. ಕೊನೆಯದು ಕೊಳೆ ತೆಗೆಯುವ ಪರೀಕ್ಷೆ. ಮೊದಲು ಒಣ ಸ್ಪಂಜು, ಆಮೇಲೆ ಶುದ್ಧ ನೀರು, ಆಮೇಲೆ ಎಂಜಲು, ಅದಕ್ಕೂ ಬಗ್ಗದಿದ್ದರೆ ಸಿಟ್ರೇಟ್ ಎಂಬ ಉಪ್ಪಿನ ದ್ರಾವಣ.

ಎಂಜಲು ಎಂದದ್ದು ತಮಾಷೆಗಲ್ಲ. ಹತ್ತಿ ಸುತ್ತಿದ ಸಣ್ಣ ಕಡ್ಡಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ಚಿತ್ರದ ಮೇಲೆ ಹಗುರಾಗಿ ಉರುಳಿಸುವುದು ನಮ್ಮ ಕಸುಬಿನ ಹಳೆಯ ಪದ್ಧತಿ. ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲೂ ಮಾಡುತ್ತಾರೆ. ಅದು ಕೊಳೆಯನ್ನು ಬಿಡಿಸುತ್ತದೆ, ಬಣ್ಣದ ಮೇಲೆ ಅಷ್ಟು ಜೋರು ಮಾಡುವುದಿಲ್ಲ. ಬೆಂಗಳೂರಿನ ನಮ್ಮ ಮನೆಯಲ್ಲಿ ಲೋಟಕ್ಕೆ ತುಟಿ ತಾಗಿಸದೆ ನೀರು ಕುಡಿದು ಬೆಳೆದ ನನಗೆ ತರಬೇತಿಯ ಕಾಲದಿಂದಲೂ ಅದೊಂದು ಆಗುತ್ತಿರಲಿಲ್ಲ. ಇನ್ನೊಬ್ಬರು ಬರೆದ ಮುಖಕ್ಕೆ ನನ್ನ ಎಂಜಲೇ ಎಂದು ಮೈ ಜುಮ್ಮೆನ್ನುತ್ತಿತ್ತು. ಯಾರಿಗೂ ಹೇಳದೆ ಆ ಹಂತವನ್ನು ಹಾರಿಸಿ ನೇರವಾಗಿ ಸಿಟ್ರೇಟಿಗೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೆ.

ಕೋವಿಡ್ ಬಂದಾಗ ನಮ್ಮ ಹಿರಿಯ ಸಂರಕ್ಷಕಿ ಅದಕ್ಕೂ ದಾರಿ ಹೇಳಿದ್ದರು. ‘ಕಾರಿನಲ್ಲಿ ಒಬ್ಬಳೇ ಕೂತು ಕಡ್ಡಿಗಳನ್ನ ಒದ್ದೆ ಮಾಡ್ಕೊ. ಮುಚ್ಚಳ ಇರೋ ಟ್ಯೂಬಿಗೆ ಹಾಕಿ ಒಳಗೆ ತಗೊಂಡು ಹೋಗು. ಆದ್ರೆ ಆ ಹಂತ ಬಿಡಬೇಡ,’ ಎಂದಿದ್ದರು. ಮಾತು ಇಂಗ್ಲಿಷಿನಲ್ಲಿ, ಅರ್ಥ ಇಷ್ಟೇ. ಆಗಲಿ ಎಂದು ತಲೆಯಾಡಿಸಿ ಬಂದಿದ್ದೆ.

ಮೊದಲ ಚಿತ್ರ ಸ್ಯಾನ್ ಡಿಯೇಗೊ ಕಡೆಯ ಸಮುದ್ರ ತೀರದ ಒಂದು ಸಣ್ಣ ಅಂಚೆ ಕಚೇರಿಯಲ್ಲಿತ್ತು. ದೋಣಿಗಳು, ಬಲೆ ಎಳೆಯುವವರು. ಎಲ್ಲ ಗಟ್ಟಿಯಾಗಿತ್ತು. ಸಿಟ್ರೇಟ್ ಹಚ್ಚಿದ ಕಡೆ ಕಂದು ಕೊಳೆ ಎದ್ದು ಬಂದು ಕೆಳಗೆ ನೀಲಿ ಸಮುದ್ರ ತೆರೆದುಕೊಂಡಿತು. ವರದಿಯ ನಮೂನೆಯಲ್ಲಿ ಎಂಜಲಿಗೆ ಒಂದು ಕಾಲಂ ಇದೆ. ಅದರಲ್ಲಿ ‘ಸ್ವಲ್ಪ ಪರಿಣಾಮ’ ಎಂದು ಬರೆದೆ. ಮಾಡದ ಪರೀಕ್ಷೆಗೆ ಫಲಿತಾಂಶ ಬರೆದು ಸಲೀಸಾಗಿ ಮುಂದಿನ ಕಾಲಮ್ಮಿಗೆ ಹೋದೆ. ಇದನ್ನು ಹೇಳಲೇಬೇಕು.

ಎರಡನೆಯದು ಲಾಸ್ ಏಂಜಲಿಸಿನ ಉತ್ತರಕ್ಕೆ, ಕಣಿವೆಯ ಊರೊಂದರಲ್ಲಿ. ಒಂದು ಕಾಲಕ್ಕೆ ಸುತ್ತಲೂ ಕಿತ್ತಳೆ ತೋಟಗಳಿದ್ದ ಜಾಗ. ಹಜಾರದ ಕೊನೆಯಲ್ಲಿ, ಪೋಸ್ಟ್‌ಮಾಸ್ಟರ್ ಕೋಣೆಯ ಬಾಗಿಲಿನ ಮೇಲೆ, ಉದ್ದಕ್ಕೂ ಆ ಚಿತ್ರ. ಹಣ್ಣು ತುಂಬುವ ಶೆಡ್ಡು, ಪೆಟ್ಟಿಗೆಗಳು, ನಡುವೆ ಒಬ್ಬ ಹೆಂಗಸು ಕಿತ್ತಳೆಗೆ ತೆಳು ಕಾಗದ ಸುತ್ತುತ್ತಿದ್ದಾಳೆ. ಕಣ್ಣು ಕೆಳಗೆ ಹಣ್ಣಿನ ಮೇಲಿದೆ. ಕಟ್ಟಡವನ್ನು ಯಾರೋ ಖಾಸಗಿಯವರು ಕೊಂಡಿದ್ದರು. ಗೋಡೆ ಅವರದು, ಗೋಡೆಗೆ ಅಂಟಿದ ಚಿತ್ರ ಅಂಚೆ ಇಲಾಖೆಯದು, ಹಜಾರದ ಪಕ್ಕದ ಅಂಚೆ ಕೌಂಟರು ಬಾಡಿಗೆಯದು. ಹಜಾರದ ಅರ್ಧ ಭಾಗದಲ್ಲಿ ಕಾಫಿ ಅಂಗಡಿ ಬರುವುದಿತ್ತು.

ಕಟ್ಟಡದ ಮ್ಯಾನೇಜರು ಮೊದಲ ದಿನವೇ ಬಂದು ಮಾತಾಡಿದ. ಮೃದು ಸ್ವಭಾವದವನು, ಯಾರಿಗೂ ಕೆಟ್ಟದ್ದು ಬಯಸುವವನಲ್ಲ.

‘ನನಗೆ ನಿಮ್ಮ ರಿಪೋರ್ಟಿನಲ್ಲಿ ಒಂದು ಸಾಲು ಸಾಕು,’ ಎಂದ. ‘ಚಿತ್ರ ಗಟ್ಟಿಯಾಗಿದೆ, ಜನ ಓಡಾಡೋ ಜಾಗದಲ್ಲಿ ಇರಬಹುದು ಅಂದ್ರೆ ಹೀಗೇ ಬಿಡ್ತೀವಿ. ತುಂಬ ಸೂಕ್ಷ್ಮ ಅಂದ್ರೆ ಇನ್ಶೂರೆನ್ಸ್‌ನವರು ಒಪ್ಪಲ್ಲ. ಮುಂದೆ ಬೋರ್ಡ್ ಹಾಕಿ ಮುಚ್ಚಬೇಕಾಗುತ್ತೆ.’

ಅವನು ಹೋದ ಮೇಲೆ ಕೌಂಟರಿನ ಹೆಂಗಸು ನನ್ನನ್ನು ಕೈಸನ್ನೆ ಮಾಡಿ ಕರೆದಳು. ಐವತ್ತು ದಾಟಿದವಳು, ಅದೇ ಕಿಟಕಿಯ ಹಿಂದೆ ಅದೇ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷ ಕೂತವಳು. ಮಾಸ್ಕಿನ ಮೇಲೆ ಕಾಣುವ ಕಣ್ಣಲ್ಲೇ ಕೋಪ, ನಗು ಎಲ್ಲ ತೋರಿಸಬಲ್ಲವಳು.

‘ಅವನು ಏನು ಹೇಳಿದ ಅಂತ ಕೇಳಿಸ್ತು. ನಮ್ಮಜ್ಜಿ ಮೆಕ್ಸಿಕೋದಿಂದ ಬಂದು ಇಂಥದ್ದೇ ಶೆಡ್ಡಲ್ಲಿ ಹಣ್ಣಿಗೆ ಕಾಗದ ಸುತ್ತುತಿದ್ರು. ಅವರದ್ದು ಒಂದು ಫೋಟೊನೂ ಇಲ್ಲ ನಮ್ಮನೇಲಿ. ನಾನು ಬೆಳಿಗ್ಗೆ ಬಂದ ತಕ್ಷಣ ಇವಳಿಗೆ ಗುಡ್ ಮಾರ್ನಿಂಗ್ ಹೇಳ್ತೀನಿ. ಹುಚ್ಚು ಅನ್ನಿ ಬೇಕಾದ್ರೆ.’

‘ಹುಚ್ಚು ಯಾಕೆ? ನಾನೂ ಚಿತ್ರಗಳ ಜೊತೆ ಮಾತಾಡ್ತೀನಿ,’ ಎಂದೆ.

‘ಹಾಗಾದ್ರೆ ಅವಳನ್ನ ಮುಚ್ಚೋಕೆ ಬಿಡಬೇಡಿ.’

ಬಿಡುವುದಿಲ್ಲ ಎಂದು ಹೇಳಿದೆ. ಗೋಡೆ ತಟ್ಟಿಯೂ ನೋಡದೆ ಮಾತು ಕೊಟ್ಟುಬಿಟ್ಟೆ.

ಆ ವಾರ ನಾನು ಉಳಿದುಕೊಂಡದ್ದು ಹತ್ತಿರದ ಪೋರ್ಟರ್ ರ್ಯಾಂಚ್ ಬಡಾವಣೆಯಲ್ಲಿ, ನನ್ನ ಗಂಡನ ಕಡೆಯ ದೂರದ ನೆಂಟರಾದ ಒಬ್ಬ ಆಂಟಿಯ ಮನೆಯಲ್ಲಿ. ಉಡುಪಿ ಕಡೆಯವರು. ಅವರ ಅಡಿಗೆಮನೆಯಲ್ಲಿ ಸೌಟಿನಿಂದ ರುಚಿ ನೋಡಿದರೆ ಆ ಸೌಟು ಮತ್ತೆ ಪಾತ್ರೆಗೆ ಹೋಗುವಂತಿಲ್ಲ. ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿ, ಕೈ ತೊಳೆದು, ಆಮೇಲೆ ಉಪ್ಪು ಹಾಕುತ್ತಾರೆ. ಊಟಕ್ಕೆ ಕೂತಾಗ ನನ್ನ ಕೆಲಸದ ಕ್ರಮ ಕೇಳಿದರು. ಹೇಳಿದೆ.

‘ಎಂತದು ಮಾರಾಯ್ತಿ, ಚಿತ್ರ ಒರೆಸ್ಲಿಕ್ಕೆ ಎಂಜಲಾ? ಇಷ್ಟು ದೊಡ್ಡ ಅಮೆರಿಕದಲ್ಲಿ ನೀರು ಸಿಗುದಿಲ್ವಾ?’

‘ಅದು ಮೆತ್ತಗೆ ಕೊಳೆ ಬಿಡಿಸುತ್ತಂತೆ ಆಂಟಿ.’

‘ಬಿಡಿಸ್ಲಿ. ಆ ಹೆಂಗ್ಸಿನ ಮುಖಕ್ಕೆ ಎಂಜಲು ಹಚ್ಚಿ ನನ್ನ ಅಡಿಗೆಮನೆಗೆ ಬರ್ಬೇಡ ನೀನು.’

‘ನಾನು ಹಚ್ಚಲ್ಲ ಆಂಟಿ. ನನ್ನ ಹತ್ರ ಬೇರೆ ಲಿಕ್ವಿಡ್ ಇದೆ.’

‘ಹಾಗೆ ಹೇಳು. ಎಲ್ಲಿ ಹೋದ್ರೂ ನಮ್ಮ ಕ್ರಮ ಬಿಡ್ಬಾರ್ದು,’ ಎಂದು ಇನ್ನೊಂದು ಸೌಟು ಹುಳಿ ಬಡಿಸಿದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಈಗ ನೆನೆದರೆ ಆ ಹೆಮ್ಮೆಗೇ ಹೆಚ್ಚು ನಾಚಿಕೆಯಾಗುತ್ತದೆ.

ಕೌಂಟರ್ ತೆರೆಯುವ ಮುಂಚಿನ ಎರಡು ಗಂಟೆ ನನ್ನದು. ಚಕ್ರದ ಅಟ್ಟಣಿಗೆ ಹತ್ತಿ ಮೂರು ದಿನ ಚಿತ್ರವನ್ನು ತಟ್ಟಿ, ಓರೆ ದೀಪ ಹಿಡಿದು ನೋಡಿದೆ. ಎಡ ಮೂಲೆಯಲ್ಲಿ ಮೊರದಗಲ ಪೊಳ್ಳು ಬಿಟ್ಟರೆ ಉಳಿದದ್ದೆಲ್ಲ ಗೋಡೆಗೆ ಕಚ್ಚಿಕೊಂಡಿತ್ತು. ಬಣ್ಣ ಎಲ್ಲೂ ಏಳುತ್ತಿರಲಿಲ್ಲ. ಮೇಲೆ ಬರೀ ಕೊಳೆ, ಹಿಂದಿನವರು ಹಜಾರದಲ್ಲಿ ನಿಂತು ಸೇದಿದ ಸಿಗರೇಟಿನ ಕಂದು ಜಿಗುಟು. ನಾಲ್ಕನೆಯ ದಿನ ಕೊಳೆ ತೆಗೆಯುವ ಪರೀಕ್ಷೆ. ಚಿತ್ರದ ಕೆಳ ಅಂಚಿನಲ್ಲಿ, ಪೆಟ್ಟಿಗೆಯ ಮೂಲೆಯಲ್ಲಿ, ನೀರು ಹಚ್ಚಿದೆ, ಏನೂ ಆಗಲಿಲ್ಲ. ಸಿಟ್ರೇಟ್ ಹಚ್ಚಿದೆ, ಕೊಳೆ ಬಂತು, ಬಣ್ಣ ಅಲುಗಲಿಲ್ಲ. ಎಂಜಲಿನ ಕಾಲಮ್ಮಿನಲ್ಲಿ ಎಂದಿನಂತೆ ‘ಸ್ವಲ್ಪ ಪರಿಣಾಮ’.

ನಿಯಮದ ಪ್ರಕಾರ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ, ಮೆದುವಾದ ದ್ರವದಿಂದ ಶುರುಮಾಡಿ ನೋಡಬೇಕು. ನನಗೆ ಅವಸರ. ಮ್ಯಾನೇಜರಿಗೆ ತೋರಿಸಲು, ಕೌಂಟರಿನವಳನ್ನು ಖುಷಿಪಡಿಸಲು, ಮುಖದ ಹತ್ತಿರವೇ ಒಂದು ಸ್ವಚ್ಛ ಚೌಕ ಬೇಕಿತ್ತು. ಎಡಗಣ್ಣಿನ ಹೊರತುದಿ ಮತ್ತು ಕೆನ್ನೆ ಸೇರುವಲ್ಲಿ ಸಿಟ್ರೇಟಿನ ಕಡ್ಡಿ ಉರುಳಿಸಿದೆ. ಹತ್ತಿ ಕಂದಾಗಿ ಬಂತು. ಸಿಗರೇಟಿನ ಕೊಳೆ ಇರುವುದೇ ಆ ಬಣ್ಣದಲ್ಲಿ. ಎರಡನೆಯದು, ಮೂರನೆಯದು, ಅವೂ ಕಂದು. ನಾಲ್ಕನೆಯ ಕಡ್ಡಿಯ ತುದಿ ಒಂದು ಥರ ಗುಲಾಬಿಯಾಗಿತ್ತು.

ಕೊಳೆ ಗುಲಾಬಿ ಇರುವುದಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ರೆಪ್ಪೆಯ ಗೆರೆ ಇರಲಿಲ್ಲ. ಅದರ ಕೆಳಗಿನ ನೆರಳು ಇರಲಿಲ್ಲ. ಹೆಬ್ಬೆರಳಿನ ಉಗುರಿನಷ್ಟು ಜಾಗ, ಅಷ್ಟೇ. ಆದರೆ ಹಣ್ಣಿನ ಕಡೆ ಬಾಗಿದ್ದ ಆ ಕಣ್ಣು ಈಗ ಯಾವ ಕಡೆಗೂ ನೋಡದೆ ಬರಿದೇ ತೆರೆದುಕೊಂಡಿತ್ತು. ಆಮೇಲೆ ತಿಳಿದದ್ದು: ಚಿತ್ರಕಾರ ಕ್ಯಾನ್ವಾಸನ್ನು ಗೋಡೆಗೆ ಅಂಟಿಸಿದ ಮೇಲೆ ಅಟ್ಟಣಿಗೆ ಹತ್ತಿ, ಮುಖ, ಕೈ, ಬಟ್ಟೆಗಳನ್ನು ಅಂಟಿನ ಬಣ್ಣದಲ್ಲಿ ಮತ್ತೊಮ್ಮೆ ತಿದ್ದಿದ್ದಾನೆ. ಅಂಚಿನದು ಎಣ್ಣೆ, ಮುಖದ್ದು ನೀರಿಗೆ ಕರಗುವ ಅಂಟು. ನಾಲ್ಕು ಕಡ್ಡಿಗಳಲ್ಲಿ ನಾನು ಅವನ ಕೊನೆಯ ದಿನದ ಕೆಲಸವನ್ನು ಒರೆಸಿ ತೆಗೆದಿದ್ದೆ.

ಅಟ್ಟಣಿಗೆಯ ಮೇಲೆಯೇ ಕೂತುಬಿಟ್ಟೆ. ಕೆಳಗೆ ಬಾಗಿಲು ತೆರೆದು ಕೌಂಟರಿನ ಹೆಂಗಸು ಬಂದಳು, ಬ್ಯಾಗು ಇಟ್ಟಳು, ತಲೆಯೆತ್ತಿ ಗುಡ್ ಮಾರ್ನಿಂಗ್ ಎಂದಳು. ನಡುವೆ ನನ್ನ ಬೆನ್ನು ಅಡ್ಡವಿತ್ತು. ಅವಳು ಹೇಳಿದ್ದು ನನಗೋ ಚಿತ್ರಕ್ಕೋ ಗೊತ್ತಿಲ್ಲ.

ಕಾರಿನಿಂದ ಹಿರಿಯ ಸಂರಕ್ಷಕಿಗೆ ಫೋನ್ ಮಾಡಿದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಹಗುರಾಗುತ್ತಿತ್ತು.

‘ಎಂಜಲು ಹಚ್ಚಿ ನೋಡಿದ್ಯಾ ಅಲ್ಲಿ?’

‘ಇಲ್ಲ. ಎಲ್ಲೂ ಹಚ್ಚಿಲ್ಲ. ಸ್ಯಾನ್ ಡಿಯೇಗೊದಲ್ಲೂ ಹಚ್ಚಿಲ್ಲ.’

‘ಎಂಜಲೂ ಆ ಬಣ್ಣ ಎಬ್ಬಿಸ್ತಿತ್ತು,’ ಎಂದರು ಅವರು. ‘ಆದ್ರೆ ನಿಧಾನಕ್ಕೆ. ನೀನು ಒಂದೊಂದು ಕಡ್ಡಿನೂ ನೋಡ್ತಾ ಇರ್ತಿದ್ದೆ. ಬಣ್ಣ ಬಂದ ಮೊದಲನೇದಕ್ಕೇ ನಿಲ್ಲಿಸ್ತಿದ್ದೆ.’

‘ಈಗ ಏನು ಬರೀಲಿ?’

‘ನಾನು ಅಲ್ಲಿರಲಿಲ್ಲ. ನೀನು ಏನು ನೋಡಿದೆ ಅಂತ ಬರೀತೀಯೋ ಅದಕ್ಕೆ ನಾನು ಸಹಿ ಹಾಕ್ತೀನಿ.’

ಅದು ಸಲಹೆಯೋ, ದಾರಿ ಬಿಟ್ಟುಕೊಟ್ಟದ್ದೋ ನನಗೆ ಇಂದಿಗೂ ತಿಳಿದಿಲ್ಲ. ‘ಹಳೆಯ ನಷ್ಟ’ ಎಂಬ ಎರಡೇ ಪದ ಸಾಕಿತ್ತು. ಎಂಬತ್ತು ವರ್ಷ ದಾಟಿದ ಚಿತ್ರ, ಉಗುರಿನಷ್ಟು ನಷ್ಟ, ಯಾರು ಕೇಳುತ್ತಾರೆ? ಚಿತ್ರ ಗಟ್ಟಿಯಾಗಿದೆ ಎಂದು ಬರೆದರೆ ಅವಳು ಗೋಡೆಯ ಮೇಲೆ ಉಳಿಯುತ್ತಾಳೆ. ಕೊಟ್ಟ ಮಾತೂ ಉಳಿಯುತ್ತದೆ, ನನ್ನ ಹೆಸರೂ ಉಳಿಯುತ್ತದೆ. ನಿಜ ಬರೆದರೆ ನೀರಿಗೆ ಕರಗುವ ಬಣ್ಣದ ಕೆಳಗೆ ಕಾಫಿ ಯಂತ್ರದ ಹಬೆ ಇಡಲು ಯಾರೂ ಒಪ್ಪುವುದಿಲ್ಲ.

ಅವತ್ತು ಊಟ ಸೇರಲಿಲ್ಲ. ಆಂಟಿ ತಟ್ಟೆ ನೋಡಿ, ಮುಖ ನೋಡಿ, ಏನಾಯಿತೆಂದು ಕೇಳಿ ತಿಳಿದುಕೊಂಡರು.

‘ನಾನು ಹಾಗೆ ಹೇಳ್ಬಾರ್ದಿತ್ತು ಮಾರಾಯ್ತಿ. ನನಗೆಂತ ಗೊತ್ತು ನಿಮ್ಮ ಕೆಲಸದ್ದು?’

‘ನಿಮ್ಮ ತಪ್ಪಲ್ಲ ಆಂಟಿ. ನೀವು ಹೇಳೋಕೆ ಮೊದಲೇ ನಾನು ಹಾಗೇ ಮಾಡ್ತಿದ್ದೆ.’

‘ಸರಿಮಾಡ್ಲಿಕ್ಕೆ ಆಗುದಿಲ್ವಾ? ಬಣ್ಣ ಹಚ್ಚಿ?’

‘ಹಚ್ಚಬಹುದು. ಆದ್ರೆ ಅದು ನನ್ನ ಕಣ್ಣಾಗುತ್ತೆ, ಅವನದ್ದಲ್ಲ.’

ಆಂಟಿ ಮಜ್ಜಿಗೆಗೆ ಉಪ್ಪು ಬೆರೆಸಿ ನನ್ನ ಮುಂದಿಟ್ಟು ಕೂತರು.

ಮಾರನೆಯ ಬೆಳಿಗ್ಗೆ ಕೆಟ್ಟ ಜಾಗವನ್ನು ದಾಖಲಿಸಲು ಮತ್ತೆ ಓರೆ ದೀಪ ಹಿಡಿದು ನಿಂತೆ. ಅಭ್ಯಾಸಬಲದಿಂದ ದೀಪವನ್ನು ಕೆಳಕ್ಕೂ ಆಡಿಸಿದೆ. ಲಂಗದ ಮಡಿಕೆಗಳ ಕಡೆ ಬಂದಾಗ ಕೈ ನಿಂತಿತು. ಮೊದಲ ದಿನ ಅಲ್ಲಿ ಬಣ್ಣವೇ ತೆಳುವಾಗಿದೆ ಎಂದುಕೊಂಡಿದ್ದೆ. ಈಗ ಏನು ಹುಡುಕಬೇಕೆಂದು ಗೊತ್ತಿತ್ತು. ಮಡಿಕೆಗಳ ನೆರಳು ಮಂಡಿಯವರೆಗೆ ಇತ್ತು, ಅದರ ಕೆಳಗೆ ಅಡ್ಡ ಗೆರೆ ಎಳೆದು ಯಾರೋ ಒರೆಸಿದ ಹಾಗೆ ಮಾಯವಾಗಿತ್ತು. ನನಗಿಂತ ಮೊದಲು, ಬಹುಶಃ ನಾನು ಹುಟ್ಟುವುದಕ್ಕಿಂತಲೂ ಮೊದಲು, ಒಬ್ಬರು ಕೆಳಗಿನಿಂದ ಒರೆಸುತ್ತಾ ಬಂದು, ಬಣ್ಣ ಬಿಡುವುದನ್ನು ಕಂಡು ಮಂಡಿಯ ಹತ್ತಿರ ನಿಲ್ಲಿಸಿದ್ದರು. ಕಡತದಲ್ಲಿ ಅವರ ಹಳೆಯ ವರದಿಯ ನಕಲಿತ್ತು. ಒಂದೇ ಸಾಲು: ‘ಮೇಲ್ಮೈ ಶುಚಿ ಮಾಡಲಾಯಿತು. ಸ್ಥಿತಿ ಉತ್ತಮ.’

ಆ ಸಾಲನ್ನು ಎಷ್ಟು ಸಲ ಓದಿದೆನೋ. ಅವರಿಗೆ ಹಿಡಿಶಾಪ ಹಾಕಿದೆ. ಅವರು ಬರೆದಿದ್ದರೆ ನಾನು ಆ ಮುಖಕ್ಕೆ ನೀರನ್ನೂ ಮುಟ್ಟಿಸುತ್ತಿರಲಿಲ್ಲ. ಹಾಗೆ ಬೈಯುತ್ತಿರುವಾಗಲೇ ನನ್ನ ಚೀಲದೊಳಗೆ ಅಂಥದ್ದೇ ಎರಡು ಸುಳ್ಳು ಕಾಲಮ್ಮುಗಳಿದ್ದವು. ಅವರು ಮಂಡಿಯ ಹತ್ತಿರ ನಿಂತರು, ನಾನು ಕಣ್ಣಿನ ಹತ್ತಿರ. ಮುಂದೆ ಬರುವವರಿಗೆ ಉಳಿಯುವುದೇನು?

ಅಟ್ಟಣಿಗೆಯ ಮೇಲೆ ಕೂತೇ ವರದಿ ಬರೆದೆ. ಮುಖ, ಕೈ, ಬಟ್ಟೆಯ ಬಣ್ಣಗಳು ನೀರಿಗೆ ಕರಗುತ್ತವೆ. ಕೆಳಭಾಗದ ನಷ್ಟ ಹಳೆಯದು, ದಾಖಲಾಗಿಲ್ಲ. ಎಡಗಣ್ಣಿನ ನಷ್ಟ ಈ ಪರೀಕ್ಷೆಯಲ್ಲಿ ಆದದ್ದು, ಕ್ರಮ ತಪ್ಪಿಸಿದ್ದು ನಾನು. ಎರಡೂ ಕಚೇರಿಗಳ ಎಂಜಲಿನ ಕಾಲಮ್ಮು ಹೊಡೆದುಹಾಕಿ ‘ಪರೀಕ್ಷೆ ಮಾಡಿಲ್ಲ’ ಎಂದು ತಿದ್ದಿದೆ. ಹಿರಿಯ ಸಂರಕ್ಷಕಿ ಹೇಳಿದಂತೆ ಸಹಿ ಹಾಕಿದರು. ಮುಂದಿನ ಕಚೇರಿಗಳ ಪಟ್ಟಿಯಿಂದ ನನ್ನ ಹೆಸರನ್ನೂ ತೆಗೆದರು. ಎರಡೂ ಸರಿಯೇ.

ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಆಗಲಿಲ್ಲ. ಮ್ಯಾನೇಜರು ಫೋನ್ ಮಾಡಿ ನಿಜಕ್ಕೂ ಬೇಸರದಿಂದ ಮಾತಾಡಿದ. ‘ಒಳ್ಳೇದೇ ಆಯ್ತು, ಮೊದಲೇ ಗೊತ್ತಾಯ್ತಲ್ಲ. ಬೋರ್ಡ್ ಹಾಕಿಸ್ತೀವಿ. ಹಿಂದೆ ಗಾಳಿ ಆಡೋಕೆ ಜಾಗ ಎಷ್ಟು ಬಿಡಬೇಕು ಹೇಳಿ,’ ಎಂದ. ನಾನೇ ಅಳತೆ ಕೊಟ್ಟೆ. ಬೋರ್ಡು ಕ್ಯಾನ್ವಾಸಿಗೆ ತಾಗದಂತೆ ಎಷ್ಟು ಅಂತರ, ಮೊಳೆ ಎಲ್ಲಿ ಹೊಡೆಯಬಾರದು, ಎಲ್ಲವನ್ನೂ ಗೆರೆ ಹಾಕಿ ಕಳಿಸಿದೆ. ಅದನ್ನು ಮಾತ್ರ ಒಂದೂ ಹಂತ ಬಿಡದೆ ಮಾಡಿದೆ.

ಬೋರ್ಡು ಹಾಕಿದ ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಮೀರಾ ಮೆಸಾದಿಂದ ಡ್ರೈವ್ ಮಾಡಿಕೊಂಡು ಅಲ್ಲಿಗೆ ಹೋದೆ. ಪರೀಕ್ಷೆಗೆ ಮೊದಲು ತೆಗೆದ ಫೋಟೊ, ಕಣ್ಣು ಇನ್ನೂ ಇದ್ದದ್ದು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದಿದ್ದೆ. ಹಜಾರದ ಕೊನೆಯಲ್ಲಿ ಬಿಳಿ ಗೋಡೆ. ಬೋರ್ಡಿಗೆ ಬಣ್ಣ ಕೂಡ ಬಳಿದಾಗಿತ್ತು. ಸಾಲಿನಲ್ಲಿ ಆರೇಳು ಜನ, ಎಲ್ಲರ ಕಣ್ಣೂ ಫೋನಿನ ಮೇಲೆ. ನಾನೂ ಸಾಲಿನಲ್ಲಿ ನಿಂತೆ.

ನನ್ನ ಸರದಿ ಬಂದಾಗ ಕೌಂಟರಿನ ಹೆಂಗಸು ಗುರುತು ಹಿಡಿದಳು. ಕೋಪ ಮಾಡಿಕೊಳ್ಳಲಿಲ್ಲ.

‘ರಿಪೋರ್ಟ್ ಓದಿದೆ,’ ಎಂದಳು. ‘ಮ್ಯಾನೇಜರ್ ಕೊಟ್ಟ. ನಿಮ್ಮ ತಪ್ಪನ್ನೂ ಬರೆದಿದ್ದೀರಿ.’

‘ಕ್ಷಮೆ ಕೇಳೋಕೆ ಬಂದೆ. ಇದನ್ನ ತಂದಿದ್ದೀನಿ,’ ಎಂದು ಪ್ಲಾಸ್ಟಿಕ್ ಪರದೆಯ ಕೆಳಗಿನ ಸಂದಿಯಿಂದ ಫೋಟೊ ಒಳಗೆ ತಳ್ಳಿದೆ.

ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯಲ್ಲಾಡಿಸಿದಳು.

‘ಇದರಲ್ಲಿ ಹಣ್ಣು ನೋಡ್ತಿದಾಳೆ.’

‘ಹೌದು. ಅವಳು ಹಣ್ಣನ್ನೇ ನೋಡ್ತಾ ಇದ್ದಿದ್ದು.’

‘ಅಲ್ಲ,’ ಎಂದಳು. ‘ಈ ಸ್ಟೂಲಿಂದ ನೋಡಿದ್ರೆ ನನ್ನನ್ನ ನೋಡ್ತಿದ್ಳು.’

ನಾನು ಅಟ್ಟಣಿಗೆಯಿಂದ, ನೆಲದಿಂದ, ಎಡದಿಂದ, ಬಲದಿಂದ ಮುನ್ನೂರು ಫೋಟೊ ತೆಗೆದಿದ್ದೆ. ಕೌಂಟರಿನ ಒಳಗೆ ಹೋಗಿ, ಆ ಸ್ಟೂಲಿನ ಮೇಲೆ ಒಂದು ನಿಮಿಷ ಕೂತು ನೋಡಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

‘ಅಲ್ಲಿಂದ ತೆಗೆದದ್ದು ನನ್ನ ಹತ್ರ ಇಲ್ಲ,’ ಎಂದೆ.

ಅವಳು ಫೋಟೊವನ್ನು ಅದೇ ಸಂದಿಯಿಂದ ಮೆಲ್ಲಗೆ ನನ್ನ ಕಡೆಗೆ ತಳ್ಳಿದಳು. ನನ್ನ ಹಿಂದೆ ಸಾಲು ಬೆಳೆದಿತ್ತು. ಮುಂದಿನವರು ಬನ್ನಿ ಎಂದು ಕರೆದಳು, ನಾನು ಪಕ್ಕಕ್ಕೆ ಸರಿದೆ.